ರಬ್ಬರಿಗೆ ಫೆರೈಟ್ (ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಾಂತೀಯ ವಸ್ತು) ಅಥವಾ ಕಬ್ಬಿಣದ ಪುಡಿ ಬೆರೆಸಿದರೆ ಅದರ ಗುಣ ಹೇಗೆ ಬದಲಾಗುತ್ತದೆ?

ಅದು ಯಾವ ಪುಡಿ ಎಂಬುದರ ಮೇಲಿದೆ. ಫ್ರಿಜ್ ಬಾಗಿಲಿನ ಹಳೇ ಗ್ಯಾಸ್ಕೆಟ್ ಕುಯ್ದು ನೋಡಿ: ಒಳಗೆ ಸಿಗುವ ಕಪ್ಪು-ಕಂದು ಪಟ್ಟಿಯಲ್ಲಿ ತುಂಬಿರುವುದು ಸ್ಟ್ರಾನ್ಷಿಯಂ ಅಥವಾ ಬೇರಿಯಂ ಫೆರೈಟ್. ಒಮ್ಮೆ ಕಾಂತೀಕರಿಸಿದರೆ ಅದು ಹಾಗೇ ಉಳಿಯುತ್ತದೆ. ಕಾರ್ಬೊನಿಲ್ ಕಬ್ಬಿಣ (ತೀರಾ ನುಣ್ಣನೆಯ ಶುದ್ಧ ಕಬ್ಬಿಣದ ಪುಡಿ) ಹಾಗಲ್ಲ, ಹೊರಗಿನ ಕಾಂತಕ್ಷೇತ್ರ ಇದ್ದಷ್ಟು ಹೊತ್ತು ಮಾತ್ರ ಸ್ಪಂದಿಸುತ್ತದೆ.

ಲೆಕ್ಕವನ್ನು ತೂಕದಲ್ಲಿ ಹಾಕಿ ಮೋಸಹೋಗಬೇಡಿ, ಗಾತ್ರದಲ್ಲಿ ಹಾಕಿ. ಮಿಶ್ರಣದ ಗಾತ್ರದಲ್ಲಿ ಶೇ. 30 ಪುಡಿ ಇರಬೇಕೆಂದರೆ 100 ಗ್ರಾಂ ನೈಸರ್ಗಿಕ ರಬ್ಬರಿಗೆ ಕಬ್ಬಿಣ ಸುಮಾರು 360 ಗ್ರಾಂ, ಫೆರೈಟ್ ಆದರೆ ಸುಮಾರು 235 ಗ್ರಾಂ ಬೇಕು. ಫೆರೈಟ್ ಪ್ರಮಾಣ ಏರಿದಂತೆ ಉಳಿಕಾಂತತೆ (ಹೊರಗಿನ ಕ್ಷೇತ್ರ ತೆಗೆದ ಮೇಲೂ ಉಳಿಯುವ ಕಾಂತತೆ) ಏರುತ್ತದೆ, ಕೊಯರ್ಸಿವಿಟಿ (ಆ ಕಾಂತತೆಯನ್ನು ಅಳಿಸಲು ಬೇಕಾದ ವಿರುದ್ಧ ಕ್ಷೇತ್ರ) ಹೆಚ್ಚೇನೂ ಬದಲಾಗದು. ರಬ್ಬರ್ ಗಡಸಾಗುತ್ತದೆ, ಪೆಟ್ಟು ಬೀಳುವುದು ಹಿಗ್ಗುವ ಗುಣಕ್ಕೆ. ಟೈರಿಗೆ ಬೆರೆಸುವ ನುಣ್ಣನೆಯ ಮಸಿ, ಅಂದರೆ ಕಾರ್ಬನ್ ಬ್ಲ್ಯಾಕ್ ಹಿಡಿದುಕೊಳ್ಳುವಂತೆ ಈ ದಪ್ಪ ಕಣಗಳು ರಬ್ಬರನ್ನು ಹಿಡಿದುಕೊಳ್ಳುವುದಿಲ್ಲ. ಎಳೆದಾಗ ಕಣದ ಸುತ್ತ ಪೊಳ್ಳು ಎದ್ದು ಅಲ್ಲಿಂದಲೇ ಹರಿಯಲು ಶುರು. ಪುಡಿಗೆ ಸೈಲೇನ್ (ಕಣವನ್ನೂ ರಬ್ಬರನ್ನೂ ಬೆಸೆಯುವ ರಾಸಾಯನಿಕ) ಲೇಪಿಸಿದರೆ ಇದು ತಕ್ಕಮಟ್ಟಿಗೆ ಸುಧಾರಿಸುತ್ತದೆ.

ಕಬ್ಬಿಣದ್ದು ಇನ್ನೊಂದು ತಂಟೆ: ನೈಸರ್ಗಿಕ ರಬ್ಬರ್ ಬಿಸಿಯಲ್ಲಿ ಬೇಗ ಹಾಳಾಗಲು ಕುಮ್ಮಕ್ಕು ಕೊಡುತ್ತದೆ. ಹಾಗೆ ಹಾಳಾಗುವುದನ್ನು ತಡೆಯುವ ಆ್ಯಂಟಿಆಕ್ಸಿಡೆಂಟ್ ಕೈಬಿಡಬೇಡಿ.

ರಬ್ಬರ್ ಕ್ಯೂರ್ ಆಗುವಾಗಲೇ (ಗಟ್ಟಿಯಾಗಿ ಆಕಾರ ಹಿಡಿಯುವಾಗಲೇ) ಕಾಂತಕ್ಷೇತ್ರ ಕೊಟ್ಟರೆ ಕಬ್ಬಿಣದ ಕಣಗಳು ಸರಪಳಿಯಂತೆ ಸಾಲುಗಟ್ಟಿ, ಆ ದಿಕ್ಕಿನಲ್ಲಿ ರಬ್ಬರ್ ಹೆಚ್ಚು ಬಿಗಿಯಾಗುತ್ತದೆ. ದ್ರವ ಸಿಲಿಕೋನ್‌ನಲ್ಲಿ ಇದು ಸಲೀಸು. ಕ್ಯೂರ್ ನಿಧಾನವಾದರೆ ಮಾತ್ರ ಪುಡಿ ತಳ ಸೇರಿ, ಮೇಲ್ಭಾಗ ಮೆತ್ತಗೆ, ಕೆಳಭಾಗ ಕಲ್ಲು.