ಅಣ್ಣ ದ್ವೇಷಿಸುವ ಸಿನಿಮಾ ನನಗಿಷ್ಟ, ಈಗ ಹೇಳುವುದು ಹೇಗೆ?

ಪ್ರಶ್ನೆ: ನನಗೆ 25 ವರ್ಷ. ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ನನಗೆ ಸ್ಟಾರ್ ವಾರ್ಸ್ ಸಿನಿಮಾ ಸರಣಿಯ ಹುಚ್ಚು ಹಿಡಿಸಿದ್ದೇ ಅವನು. 2017ರಲ್ಲಿ ‘ದಿ ಲಾಸ್ಟ್ ಜೆಡೈ’ ಬಂದಾಗ ಇಬ್ಬರೂ ಒಟ್ಟಿಗೆ ಹೋಗಿದ್ದೆವು. ನನಗೆ ತುಂಬಾ ಹಿಡಿಸಿತು. ಹೊರಗೆ ಬಂದವನೇ ಅಣ್ಣ, ‘ಲ್ಯೂಕ್‌ನ ಹಾಳು ಮಾಡಿಬಿಟ್ರು’ ಅಂದ. ಲ್ಯೂಕ್ ಅಂದರೆ ಸರಣಿಯ ಹಳೆಯ ಸಿನಿಮಾಗಳ ನಾಯಕ. ಅವನ ಕಣ್ಣಲ್ಲಿ ನೀರಿತ್ತು. ‘ಹೌದು, ಕೆಟ್ಟದಾಗಿತ್ತು’ ಅಂದುಬಿಟ್ಟೆ. ಅಲ್ಲಿಂದ ಶುರುವಾದ ಸುಳ್ಳು ಇನ್ನೂ ನಿಂತಿಲ್ಲ. ಅಣ್ಣನ ಸ್ನೇಹಿತರ ಗುಂಪಿನಲ್ಲಿ ನಾನು ಆ ಸಿನಿಮಾವನ್ನು ಚೆನ್ನಾಗಿ ಬೈಯುವವಳು ಅಂತಲೇ ಹೆಸರಾಗಿದ್ದೇನೆ. ಅದರ ತಪ್ಪುಗಳ ಒಂದು ಪಟ್ಟಿಯನ್ನೂ ಮಾಡಿಕೊಟ್ಟಿದ್ದೇನೆ. ಹೋದ ಸಲ ಎಲ್ಲರೂ ಸೇರಿದಾಗ ಅಣ್ಣನ ಸ್ನೇಹಿತರೊಬ್ಬರ ಮಗಳು, 12 ವರ್ಷದವಳು, ‘ನನಗೆ ಎಲ್ಲಕ್ಕಿಂತ ಅದೇ ಇಷ್ಟ’ ಅಂದಳು. ಎಲ್ಲರೂ ನಕ್ಕರು. ಅವಳು ನನ್ನ ಕಡೆ ನೋಡಿದಳು. ನಾನೂ ನಕ್ಕೆ. ಆಮೇಲೆ ಅವಳು ಮಾತೇ ಆಡಲಿಲ್ಲ. ಮುಂದಿನ ತಿಂಗಳು ಎಲ್ಲ ಸಿನಿಮಾಗಳನ್ನೂ ಸಾಲಾಗಿ ನೋಡುವ ಯೋಜನೆ ಇದೆ. ಈ ಸಿನಿಮಾ ಮುಗಿದ ಮೇಲೆ ನಾನು ಆ ಪಟ್ಟಿ ಓದಬೇಕಂತೆ. ಏನು ಮಾಡಲಿ? ಇಷ್ಟು ಸಣ್ಣ ವಿಷಯಕ್ಕೆ ಪತ್ರ ಬರೆದಿದ್ದಕ್ಕೆ ಕ್ಷಮಿಸಿ.

ಉತ್ತರ: ಕ್ಷಮೆ ಯಾಕೆ? ಎಂಟು ವರ್ಷ ಎಳೆದುಕೊಂಡು ಬಂದದ್ದು ಸಣ್ಣ ವಿಷಯವಲ್ಲ. ಇಂಥ ಪತ್ರಕ್ಕೆ ‘ಜಗಳ ಸಿನಿಮಾದ್ದಲ್ಲ, ಒಳಗೆ ಬೇರೇನೋ ನೋವಿದೆ’ ಅಂತ ಉತ್ತರ ಬರೆದು ಮುಗಿಸಬಹುದು. ನಾನು ಹಾಗೆ ಬರೆಯುವುದಿಲ್ಲ. ನಿಮ್ಮ ಅಣ್ಣನಿಗೆ ಸಿಟ್ಟು ಬಂದದ್ದು ಸಿನಿಮಾದ ಮೇಲೆಯೇ. ನಿಮಗೆ ಇಷ್ಟವಾದದ್ದೂ ಸಿನಿಮಾವೇ. ಹಾಗಾಗಿ ಮೊದಲು ಸಿನಿಮಾದ ಬಗ್ಗೆಯೇ ಮಾತಾಡೋಣ. (ಇನ್ನೂ ನೋಡದವರು ಈ ವಾರದ ಅಂಕಣವನ್ನು ಇಲ್ಲಿಗೇ ನಿಲ್ಲಿಸಿ. ಕಥೆ ಪೂರ್ತಿ ಹೊರಗೆ ಬರುತ್ತದೆ.)

ಅಣ್ಣನ ವಾದದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ಹುರುಳಿದೆ. 1983ರ ‘ರಿಟರ್ನ್ ಆಫ್ ದಿ ಜೆಡೈ’ಯಲ್ಲಿ ಲ್ಯೂಕ್ ಏನು ಮಾಡಿದ ಅಂತ ನೆನಪಿಸಿಕೊಳ್ಳಿ. ಅಪ್ಪ ಡಾರ್ತ್ ವೇಡರ್ ಕೈಗೆ ಸಿಕ್ಕಿದ್ದಾನೆ, ಸೋತು ಬಿದ್ದಿದ್ದಾನೆ. ಕೊಲ್ಲು ಅಂತ ಚಕ್ರವರ್ತಿ ಹುರಿದುಂಬಿಸುತ್ತಿದ್ದಾನೆ. ಲ್ಯೂಕ್ ತನ್ನ ಬೆಳಕಿನ ಕತ್ತಿಯನ್ನು, ಅಂದರೆ ಲೈಟ್‌ಸೇಬರ್ ಅನ್ನು ಎಸೆದುಬಿಡುತ್ತಾನೆ. ಇಡೀ ಗ್ಯಾಲಕ್ಸಿ ಕೈಬಿಟ್ಟ ಮನುಷ್ಯನಲ್ಲೂ ಒಳ್ಳೆಯತನ ಕಂಡವನು ಅವನು. ಅಂಥವನು 2017ರ ಸಿನಿಮಾದಲ್ಲಿ ಮಲಗಿರುವ ಹುಡುಗನ, ಅಂದರೆ ತನ್ನ ತಂಗಿಯ ಮಗ ಬೆನ್ ಸೋಲೊನ ತಲೆಯ ಹತ್ತಿರ ಲೈಟ್‌ಸೇಬರ್ ಹೊತ್ತಿಸಿ ನಿಲ್ಲುತ್ತಾನೆ. ಒಂದೇ ಕ್ಷಣ ಇರಬಹುದು. ಆದರೂ ಬಾಲ್ಯದಿಂದ ಲ್ಯೂಕ್‌ನನ್ನು ತಲೆಯ ಮೇಲೆ ಹೊತ್ತುಕೊಂಡವರಿಗೆ ಆ ಕ್ಷಣ ಗಂಟಲಲ್ಲಿ ಇಳಿಯುವುದಿಲ್ಲ. ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರಿಗೇ ಇಳಿದಿರಲಿಲ್ಲ. ತನ್ನ ಪಾತ್ರದ ಬಗ್ಗೆ ನಿರ್ದೇಶಕ ರಯಾನ್ ಜಾನ್ಸನ್ ತೆಗೆದುಕೊಂಡ ತೀರ್ಮಾನಗಳು ತನಗೆ ಒಪ್ಪಿಗೆಯಿಲ್ಲ ಅಂತ ಅವರು ಜಾನ್ಸನ್ ಮುಂದೆಯೇ ಹೇಳಿದ್ದರು. ಹೇಳಿ, ಆಮೇಲೆ ನಟಿಸಿದರು. ನಟನೆ ಹೇಗಿತ್ತು ಅಂತ ನಿಮಗೆ ಗೊತ್ತು. ಸಿನಿಮಾ ಬಂದ ಮೇಲೆ, ಆ ಅನುಮಾನಗಳನ್ನು ಹೊರಗೆ ಹೇಳಬಾರದಿತ್ತು ಅಂತಲೂ ಹ್ಯಾಮಿಲ್ ಹೇಳಿಕೊಂಡರು. ಮುಖದ ಮುಂದೆ ‘ಒಪ್ಪಿಗೆಯಿಲ್ಲ’ ಅಂದರೂ ಕೆಲಸ ನಡೆಯಿತು ಅನ್ನುವುದನ್ನು ಮಾತ್ರ ಇಲ್ಲಿ ಗಮನಿಸಿ.

ಇನ್ನು ಉಳಿದ ದೋಷಗಳು. ನಿಮ್ಮ ಪಟ್ಟಿ ನಾನು ನೋಡಿಲ್ಲ, ಆದರೆ ಏನೇನಿರಬಹುದು ಅಂತ ಊಹಿಸಬಲ್ಲೆ. ಕ್ಯಾಂಟೊ ಬೈಟ್ ಜೂಜುಕಟ್ಟೆಯ ಭಾಗ ಎಳೆದಾಟ. ಒಳ್ಳೆಯವರ ಕಡೆಯ ಫಿನ್ ಮತ್ತು ರೋಸ್ ಅಲ್ಲಿಗೆ ಹೋಗಿ, ಪ್ರಾಣಿಗಳ ಮೇಲೆ ಸವಾರಿ ಮಾಡಿ, ಕೊನೆಗೆ ತಂದದ್ದು ಒಬ್ಬ ಮೋಸಗಾರನನ್ನು. ಅವರ ಸೇನಾಧಿಕಾರಿ ಹೋಲ್ಡೊ ತನ್ನ ಯೋಜನೆಯನ್ನು ಪೈಲಟ್ ಪೋಗೆ ಒಂದು ಮಾತು ಹೇಳಿದ್ದರೆ ಅರ್ಧ ಗಲಾಟೆಯೇ ಇರುತ್ತಿರಲಿಲ್ಲ. ಆಮೇಲೆ ಅವಳು ಹಡಗನ್ನು ಬೆಳಕಿನ ವೇಗಕ್ಕೆ ಹಾರಿಸಿ ಶತ್ರುವಿನ ಹಡಗನ್ನು ಸೀಳುತ್ತಾಳಲ್ಲ, ಅದು ಅಷ್ಟು ಸುಲಭವಾಗಿದ್ದರೆ ಹಳೆಯ ಸಿನಿಮಾಗಳ ದೈತ್ಯ ಯುದ್ಧನೆಲೆ ಡೆತ್ ಸ್ಟಾರ್ ಮೇಲೆ ಯಾರೂ ಯಾಕೆ ಹಾಗೆ ಮಾಡಲಿಲ್ಲ? ಒಳ್ಳೆಯ ಪ್ರಶ್ನೆ. 2019ರ ಮುಂದಿನ ಸಿನಿಮಾ, ಅದು ಹತ್ತು ಲಕ್ಷಕ್ಕೊಂದು ಸಲ ಆಗುವಂಥದ್ದು ಅಂತ ಒಂದೇ ಸಾಲಿನಲ್ಲಿ ಹೇಳಿ ಜಾರಿಕೊಂಡಿತು. ಈ ದೋಷಗಳೆಲ್ಲ ನಿಜ. ಸಿನಿಮಾ ನಿಮಗಿಷ್ಟ ಅಂತ ಒಪ್ಪಿಕೊಂಡ ತಕ್ಷಣ ಇವು ಸುಳ್ಳಾಗುವುದಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಸುಳ್ಳಿನಿಂದ ಹೊರಬರುವವರು ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಾರೆ. ಇಷ್ಟು ದಿನ ಬೈದವರು ಇದ್ದಕ್ಕಿದ್ದಂತೆ ‘ಅದರಲ್ಲಿ ಒಂದೂ ತಪ್ಪಿಲ್ಲ’ ಅನ್ನಲು ಶುರು ಮಾಡುತ್ತಾರೆ. ಅದೂ ಸುಳ್ಳೇ.

ಹಾಗಾದರೆ ಇಷ್ಟಪಡಲು ಏನಿದೆ? ಇದಕ್ಕೆ ನೀವೇ ಉತ್ತರ ಕಂಡುಕೊಳ್ಳಬೇಕು. ನಿಮ್ಮ ಪತ್ರದಲ್ಲಿ ಇರಬೇಕಾಗಿದ್ದು, ಇಲ್ಲದಿದ್ದದ್ದು ಅದೊಂದೇ. ‘ತುಂಬಾ ಹಿಡಿಸಿತು’ ಅಂದಿದ್ದೀರಿ. ಯಾಕೆ ಅಂತ ಬರೆದಿಲ್ಲ. ಬೈಯುವುದನ್ನು ಅಷ್ಟು ಅಭ್ಯಾಸ ಮಾಡಿಕೊಂಡಿದ್ದೀರಿ, ಮೆಚ್ಚುವುದಕ್ಕೆ ಮಾತೇ ಸಿಗುತ್ತಿಲ್ಲ, ಅಲ್ವಾ? ನನಗೆ ಹಿಡಿಸಿದ ಒಂದು ಜಾಗ ಹೇಳುತ್ತೇನೆ. ಕೊನೆಯಲ್ಲಿ ಕ್ರೇಟ್ ಅನ್ನುವ ಗ್ರಹ ಬರುತ್ತದೆ. ನೆಲದ ಮೇಲೆ ಬಿಳಿ ಉಪ್ಪಿನ ತೆಳುವಾದ ಪದರ, ಕೆಳಗೆ ಕೆಂಪು ಮಣ್ಣು. ಯಾರು ಕಾಲಿಟ್ಟರೂ ಕೆಂಪು ಏಳುತ್ತದೆ. ಲ್ಯೂಕ್ ಒಬ್ಬನೇ ನಡೆದು ಬಂದು ಕೈಲೋ ರೆನ್ ಎದುರು, ಅಂದರೆ ಈಗ ಶತ್ರುಗಳ ಕಡೆ ಇರುವ ಅದೇ ಬೆನ್ ಸೋಲೊ ಎದುರು ನಿಲ್ಲುತ್ತಾನೆ. ಕೈಲೋ ಕಾಲು ಎಳೆದಲ್ಲೆಲ್ಲ ಕೆಂಪು ಗೆರೆ. ಲ್ಯೂಕ್ ನಿಂತ ಜಾಗದಲ್ಲಿ ಉಪ್ಪು ಅಲುಗಿಯೂ ಇಲ್ಲ. ಅವನ ಕೈಯಲ್ಲಿರುವುದು ನೀಲಿ ಲೈಟ್‌ಸೇಬರ್. ಅದು ಸ್ವಲ್ಪ ಹೊತ್ತಿನ ಹಿಂದೆ ನಮ್ಮ ಕಣ್ಣೆದುರೇ ಎರಡು ತುಂಡಾಗಿತ್ತು! ಗಡ್ಡ ಕೂಡ ಕಪ್ಪು. ಅವನು ಅಲ್ಲಿಲ್ಲ, ಎಲ್ಲೋ ದೂರದ ದ್ವೀಪದಲ್ಲಿ ಕೂತು ತನ್ನ ರೂಪವನ್ನು ಮಾತ್ರ ಕಳಿಸಿದ್ದಾನೆ ಅಂತ ಸಿನಿಮಾ ಮೊದಲೇ ತೋರಿಸಿಬಿಟ್ಟಿದೆ. ನಾವು ನೋಡಿಲ್ಲ ಅಷ್ಟೇ. ಇನ್ನೂ ಒಂದು ವಿಷಯ. ಯಾರನ್ನೂ ಹೊಡೆಯದೆ, ಒಂದು ಹನಿ ರಕ್ತ ಬೀಳದೆ, ಅವನು ಅಷ್ಟೂ ಜನರನ್ನು ಉಳಿಸುತ್ತಾನೆ. 1983ರಲ್ಲಿ ಲೈಟ್‌ಸೇಬರ್ ಎಸೆದ ಅದೇ ಲ್ಯೂಕ್ ಇವನು ಅಂತ ನನ್ನ ವಾದ. ನಿಮ್ಮ ಅಣ್ಣ ಒಪ್ಪಬೇಕಿಲ್ಲ. ಆದರೆ ಇಂಥ ವಾದವನ್ನು ಅವರ ಎದುರು ಯಾರೂ ಇಟ್ಟಿಲ್ಲ ಅನ್ನಿಸುತ್ತದೆ. ಇಡಬೇಕಾಗಿದ್ದ ನೀವು ತಲೆ ಆಡಿಸುತ್ತಾ ಕೂತಿರಿ.

ನಿಮ್ಮ ಪತ್ರದಲ್ಲಿ ನನಗೆ ಬೇಸರವಾದದ್ದು ಇಲ್ಲೇ. ಆ ಮನುಷ್ಯ ನಿಮಗೆ ಈ ಸಿನಿಮಾಗಳನ್ನು ತೋರಿಸಿದ್ದು ಜೊತೆಗೆ ಮಾತಾಡುವವರು ಒಬ್ಬರು ಬೇಕು ಅಂತ. ನೀವು ಕೊಟ್ಟದ್ದು ‘ಹೌದು, ಹೌದು’. ಕನ್ನಡಿಯ ಜೊತೆ ಎಷ್ಟು ವರ್ಷ ಮಾತಾಡಬಹುದು?

ಒಂದು ಮಾತಂತೂ ನಿಜ, ನೀವು ಒಬ್ಬರೇ ಅಲ್ಲ. ಆ ಸಿನಿಮಾವನ್ನು ಹತ್ತರಲ್ಲಿ ಒಂಬತ್ತು ವಿಮರ್ಶಕರು ಮೆಚ್ಚಿದರು. ಚಿತ್ರಮಂದಿರದ ಬಾಗಿಲಲ್ಲಿ ಪ್ರೇಕ್ಷಕರನ್ನು ಕೇಳಿ ದರ್ಜೆ ಕೊಡುವ ಸಿನಿಮಾಸ್ಕೋರ್‌ನಲ್ಲಿ ‘ಎ’ ಸಿಕ್ಕಿತು. ಆದರೆ ವಿಮರ್ಶೆಗಳ ಜಾಲತಾಣ ರಾಟನ್ ಟೊಮ್ಯಾಟೋಸ್‌ನಲ್ಲಿ ಪ್ರೇಕ್ಷಕರ ಅಂಕ ಅರ್ಧಕ್ಕಿಂತ ಕೆಳಗೆ ಹೋಯಿತು. ಯಾವ ಅಂಕಿ ನಂಬಬೇಕು ಅಂತಲೇ ಜಗಳವಾಯಿತು. ಇದೇನೂ ಹೊಸದಲ್ಲ. ಈಗ ಎಲ್ಲರೂ ಪೂಜೆ ಮಾಡುವ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ 1980ರಲ್ಲಿ ಬಂದಾಗ ಅದು ಅರ್ಧಕ್ಕೇ ನಿಂತಿತು ಅಂತ ಗೊಣಗಿದವರಿದ್ದರು. ಅದರಲ್ಲಿ ವೇಡರ್ ಲ್ಯೂಕ್‌ಗೆ ಹೇಳುವ ‘ನಾನೇ ನಿನ್ನ ಅಪ್ಪ’ ಅನ್ನುವ ಮಾತು ನಿಜವೋ ಸುಳ್ಳೋ ಅಂತ ಅಭಿಮಾನಿಗಳು ಮುಂದಿನ ಸಿನಿಮಾ ಬರುವ ತನಕ ಮೂರು ವರ್ಷ ಕಿತ್ತಾಡಿದರು. ವೇಡರ್‌ಗೆ ದನಿ ಕೊಟ್ಟ ಜೇಮ್ಸ್ ಅರ್ಲ್ ಜೋನ್ಸ್ ಅವರೇ ಆ ಸಾಲು ಓದಿದಾಗ, ಇವನು ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡಿದ್ದರಂತೆ. ಮುಂದುವರಿದ ಭಾಗ ಅಂದರೆ ಅದೇ. ಮೊದಲನೆಯದನ್ನು ನಾವು ಹೇಗೆ ನೆನಪಿಟ್ಟುಕೊಂಡಿದ್ದೇವೋ ಅದರ ಮೇಲೆ ಅದು ಕೈ ಇಡುತ್ತದೆ. ಕೆಲವರಿಗೆ ಖುಷಿ, ಕೆಲವರಿಗೆ ಉರಿ.

ಆದರೆ ಉರಿ ಸಿನಿಮಾದಿಂದ ಮನುಷ್ಯರ ಕಡೆ ತಿರುಗಿದಾಗ ಏನಾಗುತ್ತದೆ ಅಂತಲೂ ಈ ಸಿನಿಮಾವೇ ತೋರಿಸಿತು. ರೋಸ್ ಪಾತ್ರ ಮಾಡಿದ ಕೆಲ್ಲಿ ಮೇರಿ ಟ್ರ್ಯಾನ್ ಅವರಿಗೆ ಎಷ್ಟು ಕೊಳಕು ಬೈಗುಳ ಬಂತೆಂದರೆ, 2018ರಲ್ಲಿ ಅವರು ಇನ್‌ಸ್ಟಾಗ್ರಾಮ್‌ನ ಎಲ್ಲ ಪೋಸ್ಟ್‌ಗಳನ್ನೂ ಅಳಿಸಿಬಿಟ್ಟರು. ರೋಸ್ ಪಾತ್ರ ನಿಮ್ಮ ಅಣ್ಣನಿಗೆ ಇಷ್ಟವಾಗದಿದ್ದರೆ ಪರವಾಗಿಲ್ಲ, ಅದನ್ನು ಬರೆದದ್ದು ಅಷ್ಟು ಚೆನ್ನಾಗಿಲ್ಲ ಅಂತ ನನಗೂ ಅನ್ನಿಸುತ್ತದೆ. ಅದೇ ಬೇರೆ, ಇದೇ ಬೇರೆ. ನಿಮ್ಮ ಅಣ್ಣನ ಸ್ನೇಹಿತರು ಆ ಮಟ್ಟದವರು ಅಂತ ನಾನು ಹೇಳುತ್ತಿಲ್ಲ. ಹತ್ತು ಜನ ದೊಡ್ಡವರು ಸೇರಿ ಒಂದು ಮಗುವಿನ ಇಷ್ಟಕ್ಕೆ ನಗುವುದು ಕೂಡ ಅದೇ ದಾರಿಯ ಮೊದಲ ಮೆಟ್ಟಿಲು, ಅಷ್ಟೇ.

ಈಗ ಏನು ಮಾಡಬೇಕು ಅನ್ನುವುದಕ್ಕೆ ಬರುತ್ತೇನೆ. ಮೊದಲು ಅಣ್ಣನಿಗೆ ಹೇಳಿ. ಎಲ್ಲರೂ ಸೇರುವ ದಿನಕ್ಕಿಂತ ಮುಂಚೆ, ಇಬ್ಬರೇ ಇದ್ದಾಗ. ಸ್ನೇಹಿತರ ಎದುರು ಹೇಳಿದರೆ ಅವರಿಗೆ ಸಿನಿಮಾದ ವಿಷಯ ಕಿವಿಗೆ ಬೀಳುವುದಿಲ್ಲ, ತಂಗಿ ಮರ್ಯಾದೆ ತೆಗೆದಳು ಅನ್ನುವುದು ಮಾತ್ರ ಉಳಿಯುತ್ತದೆ. ಮೆಸೇಜ್‌ನಲ್ಲೂ ಬೇಡ. ಸುತ್ತಿ ಬಳಸಿ ಹೇಳಲು ಹೋಗಬೇಡಿ. ‘ಅಣ್ಣ, ನನಗೆ ಆ ಸಿನಿಮಾ ಮೊದಲ ದಿನದಿಂದಲೂ ಇಷ್ಟ. ಅವತ್ತು ನೀನು ಬೇಜಾರಾಗಿದ್ದೆ, ಅದಕ್ಕೆ ಹೌದು ಅಂದೆ. ಆಮೇಲೆ ಹೇಳಕ್ಕಾಗಲಿಲ್ಲ.’ ಇಷ್ಟು ಸಾಕು. ‘ನೀನು ಬೈತೀಯ ಅಂತ ಹೆದರಿ’ ಅಂತ ಅವರ ಮೇಲೆ ಹಾಕಬೇಡಿ. ನಿಮ್ಮ ಪತ್ರದ ಪ್ರಕಾರ ಅವರು ಬೈದಿಲ್ಲ, ಅತ್ತರು. ಹೇಳಿ ಮುಗಿದ ಮೇಲೆ ಒಂದೇ ಒಂದು ದೃಶ್ಯದ ಬಗ್ಗೆ ಮಾತಾಡಿ. ನಿಮಗೆ ಇಷ್ಟವಾದದ್ದು ಯಾವುದೋ ಅದು. ಪಟ್ಟಿಗೆ ಪಟ್ಟಿ ಎದುರಿಡಲು ಹೋಗಬೇಡಿ, ಅದು ಕೋರ್ಟ್ ಆಗುತ್ತದೆ.

ಆ ಹುಡುಗಿಗೂ ಹೇಳಬೇಕು. ಅಣ್ಣನಿಗೆ ಹೇಳಿದ ಮೇಲೆ, ಆದರೆ ತಡ ಮಾಡದೆ. ಅವಳಪ್ಪನನ್ನು ಕೇಳಿ ಒಂದು ಫೋನ್ ಮಾಡಿದರೂ ಆಯಿತು. ‘ಅವತ್ತು ನಾನು ನಗಬಾರದಿತ್ತು. ನನಗೂ ಅದು ತುಂಬಾ ಇಷ್ಟ, ಹೇಳೋಕೆ ಧೈರ್ಯ ಬರಲಿಲ್ಲ’ ಅನ್ನಿ. ಆಮೇಲೆ ಅವಳಿಗೆ ಯಾವ ಭಾಗ ಇಷ್ಟ ಅಂತ ಕೇಳಿ. 12 ವರ್ಷದವರು ದೊಡ್ಡವರ ಕ್ಷಮಾಪಣೆಯನ್ನು ಮುಜುಗರದಿಂದ ‘ಹ್ಞೂಂ’ ಅಂತ ಮುಗಿಸಿಬಿಡುತ್ತಾರೆ. ಆದರೆ ಇಷ್ಟವಾದ ಸಿನಿಮಾದ ಬಗ್ಗೆ ಕೇಳಿದರೆ ಮಾತು ನಿಲ್ಲಿಸುವುದಿಲ್ಲ. ಅವಳು ಕ್ಯಾಂಟೊ ಬೈಟ್ ಅಂದರೆ ಸುಮ್ನೆ ಕೇಳಿಸಿಕೊಳ್ಳಿ. ಅಲ್ಲಿ ಲಾಯ ನೋಡಿಕೊಳ್ಳುವ ಮಕ್ಕಳಿದ್ದಾರೆ. ನಮಗೆ ಎಳೆದಾಟ ಅನ್ನಿಸಿದ್ದು ಅವಳಿಗೆ ಯಾಕೆ ಹಾಗನ್ನಿಸಲಿಲ್ಲ ಅನ್ನುವುದಕ್ಕೆ ಅದೇ ಕಾರಣ ಇರಬಹುದು.

ಪಟ್ಟಿಯ ವಿಷಯ. ಓದಬೇಡಿ. ‘ಈ ಸಲ ನಾನು ಎದುರು ಪಕ್ಷ’ ಅಂತ ಅಣ್ಣನಿಂದಲೇ ಎಲ್ಲರಿಗೂ ಹೇಳಿಸಿದರೆ ಇನ್ನೂ ಒಳ್ಳೆಯದು. ಗುಂಪಿನಲ್ಲಿ ಒಂದಿಬ್ಬರು ಹಂಗಿಸುತ್ತಾರೆ, ‘ನಿಜವಾದ ಅಭಿಮಾನಿ ಅಲ್ಲ’ ಅಂತಲೂ ಅನ್ನಬಹುದು. ಆ ಮಾತಿಗೆ ಉತ್ತರ ಕೊಡಲು ಕೂರಬೇಡಿ, ಕೊಟ್ಟಷ್ಟೂ ಅದು ಬೆಳೆಯುತ್ತದೆ. ಬೇಕಿದ್ದರೆ ಕ್ರೇಟ್‌ನ ದೃಶ್ಯವನ್ನು ಇನ್ನೊಂದು ಸಲ ಹಾಕಿ, ಲ್ಯೂಕ್‌ನ ಕಾಲು ನೋಡಿ ಅನ್ನಿ. ಜೋರಾಗಿ ವಾದ ಮಾಡುವವರಲ್ಲೂ ಅದನ್ನು ಗಮನಿಸದವರು ಇರುತ್ತಾರೆ, ನಾನು ನೋಡಿದ್ದೇನೆ.

ಅಣ್ಣನಿಗೆ ಸಿಟ್ಟು ಬಂದರೆ? ಬರಬಹುದು. ಸಿನಿಮಾ ಇಷ್ಟವಾಯಿತು ಅನ್ನುವುದಕ್ಕಲ್ಲ, ಇಷ್ಟು ವರ್ಷ ಹೇಳಲಿಲ್ಲ ಅನ್ನುವುದಕ್ಕೆ. ತಾನು ನಂಬಿ ಆಡಿದ ಮಾತಿಗೆ ನೀವು ಒಳಗೊಳಗೇ ನಗುತ್ತಿದ್ದಿರಾ ಅಂತ ಅವರಿಗೆ ಅನುಮಾನ ಬರುತ್ತದೆ. ಇಲ್ಲ ಅಂತ ಸ್ಪಷ್ಟವಾಗಿ ಹೇಳಿ. ಅವರ ವಾದದಲ್ಲಿ ನಿಮಗೆ ನಿಜವಾಗಿ ಸರಿ ಅನ್ನಿಸಿದ್ದು ಯಾವುದು ಅಂತಲೂ ಹೇಳಿ. ಬೆನ್ ಸೋಲೊನ ಕೋಣೆಯ ದೃಶ್ಯ ನಿಮಗೂ ಕಷ್ಟವಾಗಿತ್ತೆ? ಆಗಿದ್ದರೆ ಹೇಳಿ, ಆಗಿರದಿದ್ದರೆ ಅವರನ್ನು ಸಮಾಧಾನ ಮಾಡಲು ಅಂತ ಹೇಳಬೇಡಿ. ಒಂದೆರಡು ವಾರ ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಸಿನಿಮಾ ನೋಡುವ ದಿನ ಮಾತ್ರ ತಪ್ಪಿಸಬೇಡಿ, ಯಾವಾಗಲೂ ಕೂರುವ ಹಾಗೆ ಅವರ ಪಕ್ಕದಲ್ಲೇ ಕೂತುಕೊಳ್ಳಿ.