‘ಖಾಲಿ ಬಸಾ’ ಅಂದರು, ನಾನು ಬಸ್ಸು ಅಂದುಕೊಂಡೆ

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ನಿವೃತ್ತ ಗಣಿತ ಮೇಷ್ಟ್ರು, ಹದಿನೆಂಟು ವರ್ಷದಿಂದ ನಿಮ್ಮ ಚಂದಾದಾರ. ಈಚೆಗೆ ಮಗನ ಮನೆಗೆಂದು ಭೋಪಾಲಿಗೆ ಹೋಗಿದ್ದೆ. ಅಲ್ಲೊಂದು ಕಟ್ಟಡದ ಮೇಲೆ ‘ಶಿಕ್ಷಾ ವಿಭಾಗ’ ಎಂಬ ಬೋರ್ಡು ನೋಡಿ, ಇದೇನು ಜೈಲಿನ ಕಚೇರಿಯಾ ಎಂದು ಕೇಳಿದೆ. ಮೊಮ್ಮಗ ಬಿದ್ದು ಬಿದ್ದು ನಕ್ಕ. ಅವನ ಶಾಲೆಯಿಂದ ‘ಗ್ರೀಷ್ಮಾವಕಾಶ’ ಎಂದು ಚೀಟಿ ಬಂತು. ಬೇಸಿಗೆಯಲ್ಲಿ ಏನೋ ಒಳ್ಳೆ ಅವಕಾಶ ಬಂದಿದೆ ಅಂದುಕೊಂಡರೆ ಅದು ರಜೆಯಂತೆ! ನಮ್ಮವರು ಸಂಸ್ಕೃತದ ಚಿನ್ನದಂಥ ಶಬ್ದಗಳನ್ನು ಕೆಡಿಸಿ ಕೂತಿದ್ದಾರೆ. ಒಂದು ಶಬ್ದಕ್ಕೆ ದೇಶಕ್ಕೆಲ್ಲ ಒಂದೇ ಅರ್ಥ ಇರುವಂತೆ ಯಾರಾದರೂ ಗೊತ್ತು ಮಾಡಬಾರದೇ? ಮೂಲಾರ್ಥಕ್ಕೆ ಮರಳುವ ಕೆಲಸ ನಿಮ್ಮ ಪತ್ರಿಕೆಯಿಂದಲೇ ಶುರುವಾಗಲಿ.
(ದಾವಣಗೆರೆಯ ಓದುಗರೊಬ್ಬರು. ಹೆಸರು ಹಾಕಬೇಡಿ ಎಂದಿದ್ದಾರೆ.)

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರ ಬಂದ ದಿನ ಮೇಜಿನ ಮೇಲೆ ಇನ್ನೂ ಹನ್ನೊಂದು ಪತ್ರ ಇದ್ದವು. ಅವೆಲ್ಲವನ್ನೂ ಮುಂದಿನ ಸಂಚಿಕೆಗೆ ತಳ್ಳಿ ಇದಕ್ಕೇ ಕೂತೆ. ನನ್ನ ಹೆಂಡತಿಯನ್ನು ಕೇಳಿ ನೋಡಿ, ಈ ವಿಷಯ ಯಾರಾದರೂ ಎತ್ತಿದರೆ ನನಗೆ ಊಟ ಬೇಡ.

ಮೊದಲು ನಿಮ್ಮ ಪಾಲಿನದು ಕೊಟ್ಟುಬಿಡುತ್ತೇನೆ. ಔಷಧಿ ಚೀಟಿಯಲ್ಲಿ, ಕೋರ್ಟಿನ ಕಾಗದದಲ್ಲಿ, ವಿಜ್ಞಾನದ ಪಾಠದಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇದ್ದರೆ ಅನುಕೂಲ. ಅದಕ್ಕೆಂದೇ ಕೇಂದ್ರ ಸರ್ಕಾರ 1961ರಲ್ಲಿ ವೈಜ್ಞಾನಿಕ ಮತ್ತು ತಾಂತ್ರಿಕ ಪದಗಳಿಗೆ ಒಂದು ಆಯೋಗವನ್ನೂ ಮಾಡಿತು. ಬೇಡ ಅಂದವರು ಯಾರು? ನೀವು ಗಣಿತದವರು. ದಾವಣಗೆರೆಯಲ್ಲಿ ಎರಡು ಅಂದರೆ ಭೋಪಾಲಿನಲ್ಲೂ ಎರಡೇ. ಮಾತೂ ಹಾಗೇ ಇರಲಿ ಅನ್ನಿಸುವುದು ಸಹಜ.

ಆದರೆ ‘ಕೆಡಿಸಿ ಕೂತಿದ್ದಾರೆ’ ಅಂದಿರಲ್ಲ, ಅದನ್ನು ನಾನು ಸುಮ್ನೆ ಬಿಡುವವನಲ್ಲ.

ನಿಮ್ಮದೇ ಶಬ್ದ ತೆಗೆದುಕೊಳ್ಳಿ, ಅವಕಾಶ. ಹಿಂದಿಯವರಿಗೆ ರಜೆ. ನಮಗೂ ತೆಲುಗರಿಗೂ ಸಿಕ್ಕರೆ ಬಿಡಬಾರದ ಸಂದರ್ಭ. ಮರಾಠಿಯವರು ರಾಕೆಟ್ಟು ಹೋಗುವ ಬಯಲಿಗೆ ಅವಕಾಶ ಅನ್ನುತ್ತಾರೆ, ಅವರ ‘ಅವಕಾಶಯಾನ’ ನಮ್ಮ ಬಾಹ್ಯಾಕಾಶ ನೌಕೆ. ಕೇರಳಕ್ಕೆ ಹೋದರೆ ‘ಅವಕಾಶಂ’ ಅಂದರೆ ಹಕ್ಕು, ಮಾನವ ಹಕ್ಕಿಗೆ ಅವರು ‘ಮನುಷ್ಯಾವಕಾಶಂ’ ಎಂದೇ ಬರೆಯುತ್ತಾರೆ. ಈಗ ಇದರಲ್ಲಿ ಯಾರು ಕೆಡಿಸಿದವರು ಹೇಳಿ? ಸಂಸ್ಕೃತದಲ್ಲಿ ಅದಕ್ಕಿದ್ದದ್ದು ನಮ್ಮ ಹಳ್ಳಿಯವರು ‘ತೆರಪು’ ಅನ್ನುತ್ತಾರಲ್ಲ, ಹೆಚ್ಚುಕಮ್ಮಿ ಆ ಅರ್ಥ. ತೆರಪು ಜಾಗದಲ್ಲಿದ್ದರೆ ಬಯಲು, ದಿನದಲ್ಲಿದ್ದರೆ ರಜೆ, ಕೆಲಸದಲ್ಲಿದ್ದರೆ ಅವಕಾಶ, ನಾಲ್ಕು ಜನರ ನಡುವೆ ನನಗೂ ಒಂದಿಷ್ಟು ತೆರಪು ಬೇಕು ಅಂದರೆ ಹಕ್ಕು. ಒಂದೇ ಹಲಸಿನ ಹಣ್ಣನ್ನು ನಾಲ್ಕು ಮನೆಯವರು ಬಿಡಿಸಿಕೊಂಡು ಹೋದರು, ಅಷ್ಟೆ. ಭೋಪಾಲಿಗೆ ಹೋದ ತೊಳೆಯೇ ಪೂರ್ತಿ ಹಣ್ಣು ಅಂದರೆ ಹೇಗೆ?

ಇನ್ನು ಶಿಕ್ಷೆ. ಸಂಸ್ಕೃತದಲ್ಲಿ ಅದು ಕಲಿಕೆ, ನಿಜ. ವೇದದ ಉಚ್ಚಾರಣೆ ಹೇಳಿಕೊಡುವ ಶಾಸ್ತ್ರಕ್ಕೂ ‘ಶಿಕ್ಷಾ’ ಎಂದೇ ಹೆಸರು. ಆದರೆ ಅದಕ್ಕೆ ದಂಡನೆ ಎಂಬ ಅರ್ಥ ಬಂದದ್ದು ನಮ್ಮಲ್ಲಿ ಮಾತ್ರವಲ್ಲ. ಮರಾಠಿ, ತೆಲುಗು, ಮಲಯಾಳಂ ಮೂರರಲ್ಲೂ ಅದೇ. ಇಂಗ್ಲಿಷಿನ ‘ಡಿಸಿಪ್ಲಿನ್’ ಕೂಡ ಕಲಿಯುವವನ ಬೆನ್ನು ಹತ್ತಿಯೇ ಬಂದ ಪದ, ಆಮೇಲೆ ಬೆತ್ತ ಹಿಡಿಯಿತು. ಕಲಿಕೆಗೂ ಏಟಿಗೂ ಎಷ್ಟು ಹತ್ತಿರದ ನಂಟು ಎಂಬುದನ್ನು ಗಣಿತದ ಮೇಷ್ಟ್ರಿಗೆ ನಾನು ಹೇಳಬೇಕೆ? ನನಗೆ ಮಗ್ಗಿ ಕಲಿಸಿದವರ ಕೈಯಲ್ಲಿ ಎರಡೂ ಅರ್ಥ ಒಟ್ಟಿಗೇ ಇತ್ತು.

ನನ್ನ ವಾದ ಇಷ್ಟು. ಆಕಾಶ ನಮ್ಮಲ್ಲಿ ಆಗಸವಾಯಿತು, ವಿದ್ಯಾ ಬಿಜ್ಜೆಯಾಯಿತು, ಕಾರ್ಯ ಕಜ್ಜವಾಯಿತು. ಹದಿಮೂರನೇ ಶತಮಾನದ ಕೇಶಿರಾಜ ಇಂಥವಕ್ಕೆಂದೇ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣ ಇಟ್ಟ. ಇವನ್ನು ತದ್ಭವ ಅನ್ನುತ್ತೇವೆ, ಮರ್ಯಾದೆ ಕೊಡುತ್ತೇವೆ. ಅವಕಾಶ, ಶಿಕ್ಷೆ, ಸಂಸಾರ, ಆಗ್ರಹ ಇವೆಲ್ಲ ನೋಡಲು ಹಾಗೇ ಉಳಿದವು, ಒಳಗಿಂದ ಬದಲಾದವು. ಮೈ ತತ್ಸಮ, ಮನಸ್ಸು ತದ್ಭವ. ಉಚ್ಚಾರ ಬದಲಾದರೆ ಅದು ಕನ್ನಡ ಪದ, ಅರ್ಥ ಬದಲಾದರೆ ಮಾತ್ರ ಅದು ತಪ್ಪು ಎಂಬುದು ಯಾವ ಊರಿನ ನ್ಯಾಯ?

ಮೂಲಾರ್ಥ ಮೂಲಾರ್ಥ ಅನ್ನುವವರಿಗೆ ನಾನು ‘ಮೃಗ’ ತೋರಿಸುತ್ತೇನೆ. ಹಿಂದಿಯಲ್ಲಿ ಮೃಗ ಅಂದರೆ ಜಿಂಕೆ. ನಮಗೆ, ತಮಿಳರಿಗೆ, ಮಲಯಾಳಿಗಳಿಗೆ ಯಾವ ಕಾಡುಪ್ರಾಣಿಯಾದರೂ ಮೃಗವೇ. ವೇದದಲ್ಲಿ ಭಯಂಕರ ಮೃಗ ಎಂಬ ಮಾತು ಬರುತ್ತದೆ, ಯಾರೂ ಜಿಂಕೆಗೆ ಅಷ್ಟು ಹೆದರುವುದಿಲ್ಲ ಅಲ್ವಾ? ಸಿಂಹ ಮೃಗರಾಜ ಆದದ್ದೂ ಜಿಂಕೆಗಳ ರಾಜ ಎಂಬ ಲೆಕ್ಕದಲ್ಲಲ್ಲ. ಅಂದರೆ ಇಲ್ಲಿ ಹಳೆಯ ಅರ್ಥ ಕಾಪಾಡಿಕೊಂಡವರು ನಾವು. ಇಂಗ್ಲಿಷಿನ ‘ಡಿಯರ್’ ಕೂಡ ಒಂದು ಕಾಲಕ್ಕೆ ಯಾವ ಪ್ರಾಣಿಗಾದರೂ ಸಲ್ಲುತ್ತಿತ್ತು, ಆಮೇಲೆ ಜಿಂಕೆಗೆ ಬಂದು ನಿಂತಿತು. ಅದರ ಜರ್ಮನ್ ಅಣ್ಣ ‘ಟಿಯರ್’ ಇವತ್ತಿಗೂ ಪ್ರಾಣಿಯೇ. ಇನ್ನೊಂದು ಕೇಳಿ. ಪಾರಸಿಯ ‘ಮುರ್ಗ್’ ನಮ್ಮ ಮೃಗದ ದಾಯಾದಿ. ಅಲ್ಲಿ ಅದು ಹಕ್ಕಿಯಾಯಿತು, ಉರ್ದುವಿಗೆ ಬಂದು ಕೋಳಿಯಾಯಿತು, ಈಗ ಡಾಬಾದ ಮೆನುವಿನಲ್ಲಿ ಮಸಾಲೆ ಹಚ್ಚಿಕೊಂಡು ಕೂತಿದೆ. ಹಾಗಂತ ಉತ್ತರದವರಿಗೆ ನಾವು ನೋಟೀಸು ಕೊಟ್ಟೆವಾ?

ಮೂಲಾರ್ಥಕ್ಕೆ ಮರಳೋಣ ಅಂತ ನಿಜಕ್ಕೂ ಹೊರಟರೆ ಮೊದಲು ಸಿಕ್ಕಿಬೀಳುವವರು ನಮ್ಮ ಕಾದಂಬರಿಕಾರರು. ಕಾದಂಬರಿ ಏಳನೇ ಶತಮಾನದ ಬಾಣನ ಕಥಾನಾಯಕಿಯ ಹೆಸರು. ಅವಳ ಹೆಸರನ್ನೇ ನಾವೂ ಮರಾಠಿಯವರೂ ಇಡೀ ಸಾಹಿತ್ಯ ಪ್ರಕಾರಕ್ಕೆ ಇಟ್ಟುಕೊಂಡೆವು. ಸಂಸ್ಕೃತ ನಿಘಂಟು ತೆಗೆದರೆ ಕಾದಂಬರಿ ಅಂದರೆ ಒಂದು ಬಗೆಯ ಹೆಂಡ. ಹಿಂದಿ, ಬಂಗಾಳಿಯವರು ಅದೇ ಪುಸ್ತಕಕ್ಕೆ ಉಪನ್ಯಾಸ ಅನ್ನುತ್ತಾರೆ. ಹಿಂದೊಮ್ಮೆ ನಮ್ಮ ಕಾಲೇಜಿಗೆ ಉತ್ತರದಿಂದ ಅತಿಥಿಯೊಬ್ಬರು ಬಂದಿದ್ದರು. ಪ್ರಾಂಶುಪಾಲರು ಸಾಲಾಗಿ ಪರಿಚಯ ಮಾಡಿಸಿದರು: ಇವರು ಉಪನ್ಯಾಸಕರು, ಇವರೂ ಉಪನ್ಯಾಸಕರು. ಏಳನೆಯವರ ಹೊತ್ತಿಗೆ ಅತಿಥಿಯ ಕಣ್ಣರಳಿತ್ತು. ಒಂದೇ ಕಾಲೇಜಿನಲ್ಲಿ ಇಷ್ಟು ಮಂದಿ ಕಾದಂಬರಿ ಬರೆಯುವವರಾ ಎಂದು ನನ್ನ ಕಿವಿಯಲ್ಲಿ ಕೇಳಿದರು. ನಾನು ಹೌದೆಂದೆ. ಪಾಠದ ಟಿಪ್ಪಣಿಗಳಲ್ಲಿ ಕಲ್ಪನೆ ಜಾಸ್ತಿಯೇ ಇರುತ್ತಿತ್ತು.

ನಾನೂ ಏನು ಕಡಿಮೆ ಬಿದ್ದವನಲ್ಲ. ಇಪ್ಪತ್ಮೂರರ ವಯಸ್ಸಿನಲ್ಲಿ ಪುಣೆಗೆ ಹೋಗಿದ್ದೆ, ಗೆಳೆಯನ ಮನೆಗೆ ಊಟಕ್ಕೆ. ನೆಲದ ಮೇಲೆ ತಟ್ಟೆ ಹಾಕಿದ್ದ ಅವನ ಅಜ್ಜಿ ನನ್ನನ್ನು ನೋಡಿ ‘ಯಾ, ಖಾಲಿ ಬಸಾ’ ಅಂದರು. ಖಾಲಿ ಬಸ್ಸು ಸಿಕ್ಕಿತಾ ಅಂತ ಕೇಳುತ್ತಿದ್ದಾರೆ ಎಂದುಕೊಂಡು, ಇಲ್ಲ ಅಜ್ಜಿ, ನಿಂತುಕೊಂಡೇ ಬಂದೆ ಎಂದು ಹರಕು ಹಿಂದಿಯಲ್ಲಿ ಹೇಳಿದೆ. ಅವರು ಮತ್ತೆ ‘ಖಾಲಿ ಬಸಾ’ ಅಂದರು. ನಾನು ಮತ್ತೆ ರಷ್ಷಿನ ವರ್ಣನೆ ಮಾಡಿದೆ. ಮರಾಠಿಯಲ್ಲಿ ಖಾಲಿ ಅಂದರೆ ಕೆಳಗೆ, ಬಸಾ ಅಂದರೆ ಕೂತುಕೊಳ್ಳಿ. ಅಷ್ಟರಲ್ಲಿ ಗೆಳೆಯ ಒಳಗೆ ತಿರುಗಿ ‘ತಾಯೀ’ ಎಂದು ಕರೆದ. ಅವನ ತಾಯಿ ಬರುತ್ತಾರೆ ಎಂದು ನಾನು ಎದ್ದು ಕೈ ಮುಗಿದೆ. ಎರಡು ಜಡೆಯ ಹುಡುಗಿಯೊಬ್ಬಳು ಮಜ್ಜಿಗೆ ಪಾತ್ರೆ ಹಿಡಿದು ಬಂದಳು. ಮರಾಠಿಯ ತಾಯಿ ಅಕ್ಕ. ಹಿಂದಿಗೆ ಹೋದರೆ ಅವಳೇ ದೊಡ್ಡಮ್ಮ.

ನಮ್ಮ ರಾಜ್ಯ ಬಿಟ್ಟು ಹೋಗುವುದೇ ಬೇಡ. ಮಂಗಳೂರಿಗೆ ಹೋಗಿ. ತುಳುವಿನಲ್ಲಿ ‘ಅಪ್ಪೆ’ ಅಂದರೆ ತಾಯಿ, ‘ಅಮ್ಮೆರ್’ ಅಂದರೆ ತಂದೆ! ಮೊದಲ ಸಲ ಕೇಳಿದಾಗ ನನಗೆ ಭೂಮಿ ತಲೆಕೆಳಗಾದಂತೆ ಆಯಿತು. ಆಮೇಲೆ ಓದುತ್ತಾ ಜಾರ್ಜಿಯಾ ದೇಶದ ಭಾಷೆಯಲ್ಲೂ ‘ಮಾಮಾ’ ಅಂದರೆ ಅಪ್ಪ, ‘ದೇದಾ’ ಅಂದರೆ ಅಮ್ಮ ಎಂದು ತಿಳಿಯಿತು. ಮಗು ತುಟಿ ಕೂಡಿಸಿ ಏನೋ ಒಂದು ಅನ್ನುತ್ತದೆ. ಅದು ನನ್ನನ್ನೇ ಕರೆದದ್ದು ಅಂತ ಯಾರು ಮೊದಲು ಓಡಿ ಬಂದರೋ ಅವರದಾಯಿತು. ತುಳುವರ ಮನೆಯಲ್ಲಿ ಅಪ್ಪಂದಿರು ಚುರುಕು ಇರಬೇಕು. (ತುಳು ಓದುಗರು ಕೋಪಿಸಿಕೊಳ್ಳಬೇಡಿ, ಇದು ಶಾಸ್ತ್ರವಲ್ಲ.)

ಕೆಲವು ಸಲ ಹಣಕ್ಕೂ ಏಟು ಬೀಳುತ್ತದೆ. ಬಳ್ಳಾರಿಯಲ್ಲಿ ಒಂದು ಪ್ರೆಸ್ಸಿನಲ್ಲಿ ಕೆಲಸ ಮಾಡುವಾಗ ಊದುಬತ್ತಿಯವರೊಬ್ಬರಿಗೆ ಎರಡೂ ಭಾಷೆಯ ಲೇಬಲ್ ಮಾಡಬೇಕಿತ್ತು. ಕನ್ನಡದಲ್ಲಿ ‘ಮನೆ ತುಂಬಾ ಕಂಪು’ ಎಂದು ಬರೆದೆ. ತೆಲುಗಿನಲ್ಲೂ ಕಂಪು ಎಂದೇ ಇರಲಿ, ಅವರಿಗೂ ಗೊತ್ತಾಗುತ್ತದೆ ಅಂದೆ. ಗೊತ್ತಾಗುತ್ತದೆ, ಅದೇ ತೊಂದರೆ. ಇವತ್ತಿನ ತೆಲುಗಿನಲ್ಲಿ ಕಂಪು ಅಂದರೆ ದುರ್ನಾತ. ಮೊಳೆ ಜೋಡಿಸುವ ತೆಲುಗಣ್ಣ ನಗುತ್ತಾ ತಡೆಯದಿದ್ದರೆ ನನ್ನ ಸಂಬಳ ಹೋಗುತ್ತಿತ್ತು. ತಮಿಳಿನ ‘ನಾಟ್ರಂ’ ಕೂಡ ಈಗ ನಾತವೇ. ಆದರೆ ಹಳೆಯ ತಮಿಳು ಭಕ್ತಕವಯಿತ್ರಿ ಆಂಡಾಳ್ ಕೃಷ್ಣನ ಶಂಖವನ್ನು ಮಾತಾಡಿಸಿ, ಅವನ ಬಾಯಿ ಕರ್ಪೂರದಂತೆ ಘಮಿಸುತ್ತದಾ, ಕಮಲದಂತೆ ಘಮಿಸುತ್ತದಾ ಎಂದು ಕೇಳುವಾಗ ಬಳಸುವುದು ಇದೇ ‘ನಾರು’ ಎಂಬ ಕ್ರಿಯಾಪದ. ನಾವು ಈಗ ಕಸದ ತೊಟ್ಟಿಗೆ ಬಳಸುವ ನಾರು!

ಇಂಥ ಪದಗಳಿಗೆ 1928ರಲ್ಲಿ ಇಬ್ಬರು ಫ್ರೆಂಚರು ‘ಸುಳ್ಳು ಗೆಳೆಯರು’ ಎಂದು ಹೆಸರಿಟ್ಟರು, ಅದೇ ಜಗತ್ತಿನಲ್ಲೆಲ್ಲ ನಿಂತಿತು. ನನಗೆ ಆ ಹೆಸರು ಹಿಡಿಸುವುದಿಲ್ಲ. ಬೇರೆ ಊರಿಗೆ ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಸುಳ್ಳಿಯರು ಅನ್ನುತ್ತೇವಾ? ಇಂಗ್ಲಿಷಿನ ‘ಗಿಫ್ಟ್’ ಉಡುಗೊರೆ, ಜರ್ಮನ್ ‘ಗಿಫ್ಟ್’ ವಿಷ. ಎರಡೂ ಕೊಡುವುದು ಎಂಬ ಒಂದೇ ಬೇರಿನವು. ಕೊಟ್ಟದ್ದು ಒಂದು ಡೋಸು ಔಷಧಿಯಾಯಿತು, ಡೋಸು ವಿಷವಾಯಿತು. ನಮ್ಮಲ್ಲಿ ಮದ್ದು ಕೊಡುವುದಕ್ಕೂ ಮದ್ದು ಹಾಕುವುದಕ್ಕೂ ಇರುವಷ್ಟೇ ದೂರ. ಜರ್ಮನ್ನರ ಬಳಿ ಹಳೆಯ ಅರ್ಥ ‘ಮಿಟ್‌ಗಿಫ್ಟ್’ ಎಂಬ ಒಂದು ಪದದಲ್ಲಿ ಉಳಿದುಕೊಂಡಿದೆ. ಹಾಗಂದರೆ ವರದಕ್ಷಿಣೆ. ಉಡುಗೊರೆಯೋ ವಿಷವೋ ನೀವೇ ಹೇಳಿ.

ಅರ್ಥಗಳು ಬೇರೆಯಾದರೂ ನಂಟು ಬಿಡುವುದಿಲ್ಲ ಎನ್ನುವುದಕ್ಕೆ ‘ಆಗ್ರಹ’ಕ್ಕಿಂತ ಚಂದದ ಸಾಕ್ಷಿ ಇಲ್ಲ. ‘ಬೆಂಬಲ ಬೆಲೆಗೆ ರೈತರ ಆಗ್ರಹ’ ಎಂದು ನಾವು ಹೆಡ್‌ಲೈನ್ ಹಾಕಿದರೆ ಅದು ಒತ್ತಾಯ. ಹಿಂದಿಯಲ್ಲಿ ಅದು ಕಳಕಳಿಯ ವಿನಂತಿ. ಮಲಯಾಳಿ ಓದಿದರೆ ಆಸೆ. ತೆಲುಗರು ಓದಿದರೆ ಸಿಟ್ಟು. ರೈತ ಪಾಪ ಈ ನಾಲ್ಕನ್ನೂ ಇದೇ ಸಾಲಿನಲ್ಲಿ ದಾಟಿ ಬಂದಿರುತ್ತಾನೆ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ತಮ್ಮ ಹೋರಾಟಕ್ಕೆ ಹೆಸರು ಹುಡುಕಿದಾಗ ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ ಎಂದು ಸೂಚಿಸಿದರು, ಅದನ್ನು ಗಾಂಧೀಜಿ ‘ಸತ್ಯಾಗ್ರಹ’ ಎಂದು ಬದಲಿಸಿದರು. ಆಂಧ್ರದಲ್ಲಿ ಯಾರೂ ಅದನ್ನು ಸತ್ಯದ ಸಿಟ್ಟು ಎಂದು ತಪ್ಪು ತಿಳಿಯಲಿಲ್ಲ. ಜನಕ್ಕೆ ಅಷ್ಟು ಬುದ್ಧಿ ಇದೆ ಮೇಷ್ಟ್ರೇ.

ಬುದ್ಧಿ ಇಲ್ಲದಿರುವುದು ಅನುವಾದದ ಕಾರ್ಖಾನೆಗಳಿಗೆ. ನೀವು ಕೋಪ ಮಾಡಿಕೊಳ್ಳಬೇಕಾದದ್ದು ಅವರ ಮೇಲೆ. ಎಲ್ಲೋ ದೂರದಲ್ಲಿ ಹಿಂದಿಯಲ್ಲಿ ಬರೆದದ್ದನ್ನು ಅಕ್ಷರ ಬದಲಿಸಿ ಕನ್ನಡ ಅಂತ ಕಳಿಸುತ್ತಾರೆ. ಈಗ ಅದನ್ನು ಮನುಷ್ಯರೂ ಮಾಡುತ್ತಿಲ್ಲ, ಫೋನೇ ಮಾಡುತ್ತದೆ. ಹಿಂದೆ ಕೆಲವರಾದರೂ ತಲೆ ಓಡಿಸುತ್ತಿದ್ದರು. ‘ಸರ್ವ ಶಿಕ್ಷಾ ಅಭಿಯಾನ್’ ನಮ್ಮಲ್ಲಿಗೆ ಬರುವಾಗ ‘ಸರ್ವ ಶಿಕ್ಷಣ ಅಭಿಯಾನ’ ಆಯಿತು. ಒಂದು ಣ ಸೇರಿಸಿ ಲಕ್ಷಾಂತರ ಮಕ್ಕಳನ್ನು ಏಟಿನಿಂದ ಉಳಿಸಿದ ಆ ಪುಣ್ಯಾತ್ಮ ಯಾರೋ. 2005ರ ಕಾಯ್ದೆಗೆ ಹಿಂದಿಯಲ್ಲಿ ‘ಸೂಚನಾ ಕಾ ಅಧಿಕಾರ್’ ಎಂದು ಹೆಸರು. ಹಾಗೇ ಎತ್ತಿ ಇಟ್ಟಿದ್ದರೆ ‘ಸೂಚನೆಯ ಅಧಿಕಾರ’ ಆಗುತ್ತಿತ್ತು, ಅಂದರೆ ಸಾಹೇಬರು ಅಪ್ಪಣೆ ಕೊಡುವ ಅಧಿಕಾರ! ಕಾಯ್ದೆ ಹೇಳುವುದಕ್ಕೆ ಪೂರ್ತಿ ಉಲ್ಟಾ. ಯಾರೋ ಕೂತು ಯೋಚಿಸಿ ‘ಮಾಹಿತಿ ಹಕ್ಕು’ ಮಾಡಿದರು. ಎಷ್ಟು ಚುಟುಕು, ಎಷ್ಟು ನೇರ.

ಅಂಥವರಿಗೆ ಈಗ ಕೆಲಸ ಎಲ್ಲಿದೆ? ಕಿಟೆಲ್ ಎಂಬ ಜರ್ಮನ್ ಪಾದ್ರಿ 1894ರಲ್ಲಿ ಮಂಗಳೂರಿನಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಅಚ್ಚು ಹಾಕಿಸಿದ. ಸಾಹಿತ್ಯ ಪರಿಷತ್ತು ಎಂಟು ಸಂಪುಟ ತಂದಿತು. ಜಾಹೀರಾತು ಬರೆಯುವ ಹುಡುಗರಲ್ಲಿ ಅವನ್ನು ತೆರೆದು ನೋಡಿದವರು ನನಗಂತೂ ಸಿಕ್ಕಿಲ್ಲ.

ಹೋದ ವರ್ಷ ನಮ್ಮ ಬೀದಿಯ ಒಂದು ಬ್ಯಾಂಕಿನ ಬಾಗಿಲಿಗೆ ಅಚ್ಚು ಮಾಡಿದ ಹಾಳೆ ಅಂಟಿಸಿದ್ದರು: ‘ನಾಳೆ ಸಾರ್ವಜನಿಕ ಅವಕಾಶ’. ನನಗೆ ಓದಿ ನಗು ಬಂತು, ಮನೆಗೆ ಬಂದು ಹೆಂಡತಿಗೂ ಹೇಳಿ ನಗಿಸಿದೆ. ಮರುದಿನ ಬೆಳಗ್ಗೆ ಹತ್ತಕ್ಕೆ ಅದೇ ದಾರಿಯಲ್ಲಿ ಹೋದೆ. ಬಾಗಿಲಿಗೆ ಬೀಗ. ಮೆಟ್ಟಿಲ ಮೇಲೆ ಏಳೆಂಟು ಜನ ಪಾಸ್‌ಬುಕ್ಕು ಹಿಡಿದು ಕೂತಿದ್ದರು. ಇವತ್ತು ಸಾರ್ವಜನಿಕರಿಗೆ ಅವಕಾಶ ಕೊಟ್ಟಿದ್ದಾರಂತಲ್ಲ ಸ್ವಾಮಿ, ಯಾವಾಗ ತೆಗೀತಾರೆ ಎಂದು ಒಬ್ಬ ಅಜ್ಜಿ ನನ್ನನ್ನೇ ಕೇಳಿದರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಆಗ ನಗು ಬರಲಿಲ್ಲ.

ಆದ್ದರಿಂದ ಮೇಷ್ಟ್ರೇ, ಕ್ಷಮಿಸಿ, ನಮ್ಮ ಪತ್ರಿಕೆಯಲ್ಲಿ ಅವಕಾಶ ಅವಕಾಶವಾಗಿಯೇ ಇರುತ್ತದೆ, ರಜೆ ರಜೆಯಾಗಿ. ಮೊಮ್ಮಗ ಗ್ರೀಷ್ಮಾವಕಾಶಕ್ಕೆ ದಾವಣಗೆರೆಗೆ ಬಂದಾಗ ಅವನು ನಗದ ಹಾಗೆ ಒಂದು ಪಟ್ಟಿ ಮಾಡಿ, ಇಬ್ಬರೂ ಕೂಡಿ ಬರೆದು ಕಳಿಸಿ, ಅಚ್ಚು ಹಾಕುತ್ತೇನೆ. ಅಂದ ಹಾಗೆ, ಆಫೀಸಿನ ಪುಸ್ತಕ ನೋಡಿದೆ. ನಿಮ್ಮ ಚಂದಾ ಮಾರ್ಚಿಗೇ ಮುಗಿದಿದೆ. ಹಿಂದಿಯಲ್ಲಿ ಚಂದಾ ಅಂದರೆ ದೇಣಿಗೆ. ಯಾವ ಅರ್ಥದಲ್ಲಿ ಕಳಿಸಿದರೂ ನನ್ನ ತಕರಾರಿಲ್ಲ.