ಬಿಕಾಂ ಆದ್ಮೇಲೆ ಎಲ್‌ಎಲ್‌ಬಿ ಮಾಡಿ ಸಿವಿಲ್ ಸೈಡ್ ಹೋದ್ರೆ ಮುಂದೆ ಏನು ಕೆಲಸ ಸಿಗುತ್ತೆ?

ಬಿಕಾಂ ಮುಗ್ಸಿದೀನಿ, ಕ್ರಿಮಿನಲ್ ಕೇಸ್ ಬೇಡ, ಆಸ್ತಿ, ಕಾಂಟ್ರಾಕ್ಟ್, ಫ್ಯಾಮಿಲಿ ಕಡೆನೇ ಹೋಗ್ಬೇಕು ಅಂತ ಕೇಳಿದೀರ. ಖಂಡಿತ ಸೇರಿ. ನಾನು ತಾಲ್ಲೂಕು ಕೋರ್ಟಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡ್ತಿರೋನು, ಈ ಕೆಲಸ ನಂಗೆ ಬಹಳ ಇಷ್ಟ.

ಎಲ್‌ಎಲ್‌ಬಿಲಿ ಸಿವಿಲ್‌ಗೆ ಅಂತ ಬೇರೆ ಡಿಗ್ರಿ ಇಲ್ಲ. ನಿಮಗೆ ಮೂರು ವರ್ಷದ ಕೋರ್ಸು, ನಮ್ಮಲ್ಲಿ ಬಹುತೇಕ ಲಾ ಕಾಲೇಜು ಹುಬ್ಬಳ್ಳಿ ಕಾನೂನು ವಿವಿ ಕೆಳಗೆ ಬರುತ್ತೆ, ಕ್ರಿಮಿನಲ್, ಸಂವಿಧಾನ ಎಲ್ಲಾನೂ ಓದ್ಲೇಬೇಕು. ಆದ್ರೆ 1872ರ ಕಾಂಟ್ರಾಕ್ಟ್ ಆಕ್ಟ್, 1882ರ ಟ್ರಾನ್ಸ್‌ಫರ್ ಆಫ್ ಪ್ರಾಪರ್ಟಿ ಆಕ್ಟ್, ಹಿಂದೂ ಉತ್ತರಾಧಿಕಾರ ಕಾಯ್ದೆ, ಸಿಪಿಸಿ (ಸಿವಿಲ್ ಕೇಸ್ ನಡೆಸೋ ವಿಧಾನದ ಕಾಯ್ದೆ), ಇವನ್ನ ಗೈಡ್ ಬಿಟ್ಟು ಬೇರ್ ಆಕ್ಟ್ (ಕಾಯ್ದೆಯ ಮೂಲ ಪಠ್ಯ) ಇಟ್ಕೊಂಡೇ ಓದಿ, ಮುಂದೆ ಅನ್ನ ಹಾಕೋದು ಇವೇ.

ಯಾಕಂದ್ರೆ ಒಬ್ರು ಜಮೀನು ತಗೋಬೇಕು ಅಂತ ಫೈಲ್ ತರ್ತಾರೆ ಅನ್ಕೊಳ್ಳಿ. ಪಹಣಿ ಮಾರೋರ ಹೆಸ್ರಲ್ಲೇ ಇದೆ, ಇಸಿ (ಆಸ್ತಿ ಮೇಲೆ ಸಾಲ, ಋಣ ಇದೆಯಾ ಅಂತ ತೋರ್ಸೋ ಪತ್ರ) ಕ್ಲೀನ್, ಮ್ಯುಟೇಷನ್ (ಖಾತೆ ಬದಲಾವಣೆ) ಆಗಿದೆ. ಹಿಂದಕ್ಕೆ ಹೋದ್ರೆ 2011ರ ಕ್ರಯಪತ್ರ, ಅಪ್ಪ ಮತ್ತೆ ಇಬ್ರು ಗಂಡು ಮಕ್ಕಳು ಸೈನ್ ಹಾಕಿದಾರೆ, ಜಮೀನು ಪಿತ್ರಾರ್ಜಿತ, ವಂಶವೃಕ್ಷದಲ್ಲಿ ಮಗಳ ಹೆಸ್ರೇ ಇಲ್ಲ. ಕೇಳಿದ್ರೆ "ಅವ್ಳನ್ನ ಮದ್ವೆ ಮಾಡಿ ಕೊಟ್ಟಾಯ್ತಲ್ಲ ಸಾರ್" ಅಂತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ಕರ್ನಾಟಕ ತಿದ್ದುಪಡಿ ಅಷ್ಟೊತ್ತಿಗಾಗ್ಲೇ ಮದ್ವೆ ಆಗಿದ್ದ ಹೆಣ್ಣುಮಕ್ಕಳನ್ನ ಬಿಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿ ಬಿಡಲಿಲ್ಲ, ಹುಟ್ಟಿನಿಂದ್ಲೇ ಗಂಡು ಮಕ್ಕಳಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಕೇಸಲ್ಲಿ ತಿದ್ದುಪಡಿ ಹೊತ್ತಿಗೆ ಅಪ್ಪ ಬದುಕಿರ್ಬೇಕು ಅಂತನೂ ಇಲ್ಲ ಅಂತು. ಅದೇ ಕ್ರಯ 20-12-2004ಕ್ಕೆ ಮುಂಚೆ ಆಗಿದ್ರೆ 2005ರ ತಿದ್ದುಪಡಿ ಅದನ್ನ ಮುಟ್ಟಲ್ಲ, ಆದ್ರೆ ಇಲ್ಲಿ ಕ್ರಯ 2011ರದ್ದು. ಈಗ ಆ ಹೆಣ್ಣುಮಗಳು ಪಾರ್ಟಿಷನ್ ಸೂಟ್ (ಪಾಲು ಕೇಳೋ ದಾವೆ) ಹಾಕಿದ್ರೆ ಜಮೀನು ತಗೊಂಡೋರೂ ಪ್ರತಿವಾದಿ ಆಗ್ತಾರೆ, ಕುಟುಂಬದ ಅವಶ್ಯಕತೆಗೇ ಮಾರಿದ್ದು ಅಂತ ಪ್ರೂವ್ ಮಾಡೋ ಭಾರ ತಗೊಂಡೋರ ಮೇಲೆ. ಒಂದು ದಿನಾಂಕ, ಬಿಟ್ಟುಹೋದ ಒಂದು ಹೆಸ್ರು, ಇದನ್ನ ಕಂಡುಹಿಡಿಯೋದೇ ಸಿವಿಲ್ ಲಾಯರ್ ಕೆಲಸ.

ಇದು ಬಂದ್ರೆ ದಾರಿ ಬೇಕಾದಷ್ಟಿದೆ. ಬ್ಯಾಂಕ್ ಪ್ಯಾನೆಲ್‌ಗೆ (ಬ್ಯಾಂಕು ಗೊತ್ತು ಮಾಡ್ಕೊಂಡಿರೋ ಲಾಯರ್‌ಗಳ ಪಟ್ಟಿ) ಸೇರಿ ಆಸ್ತಿ ದಾಖಲೆ ಸರಿ ಇದೆಯಾ ಅಂತ ಲೀಗಲ್ ಒಪಿನಿಯನ್ ಬರೀಬಹುದು, ಬಿಲ್ಡರ್ ಕಂಪನಿಗಳ ಲೀಗಲ್ ಡಿಪಾರ್ಟ್‌ಮೆಂಟ್ ಇದೆ, ಬೆಂಗಳೂರಲ್ಲಿ ಐಟಿ ಕಂಪನಿಗಳಿಗೆ ಕಾಂಟ್ರಾಕ್ಟ್ ಡ್ರಾಫ್ಟ್ ಮಾಡೋರು ಬೇಕೇ ಬೇಕು, ಅಲ್ಲಿ ನಿಮ್ಮ ಬಿಕಾಂ ಚೆನ್ನಾಗಿ ಕೆಲಸಕ್ಕೆ ಬರುತ್ತೆ. ಪಾಠ ಮಾಡೋ ಆಸೆ ಇದ್ರೆ ಎಲ್‌ಎಲ್‌ಎಂ, ಆಮೇಲೆ ನೆಟ್ ಅಥವಾ ಕೆ-ಸೆಟ್ (ಕಾಲೇಜು ಅಧ್ಯಾಪಕರಾಗೋಕೆ ಬರೆಯೋ ಅರ್ಹತಾ ಪರೀಕ್ಷೆಗಳು). ಸಿವಿಲ್ ಜಡ್ಜ್ ಆಗ್ಬೇಕು ಅಂದ್ರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಮೂರು ವರ್ಷ ಪ್ರಾಕ್ಟೀಸ್ ಇರ್ಲೇಬೇಕು ಅಂತ ಹೇಳಿದೆ, ಡಿಗ್ರಿ ಮುಗಿದ ತಕ್ಷಣ ಎಕ್ಸಾಂ ಬರೀತೀನಿ ಅನ್ನೋ ಲೆಕ್ಕ ಇಟ್ಕೋಬೇಡಿ.

ದುಡ್ಡಿನ ವಿಷ್ಯ ಮುಚ್ಚಿಡಲ್ಲ, ಮೊದಲ ಮೂರ್ನಾಲ್ಕು ವರ್ಷ ಕಷ್ಟ ಇದೆ. ಜೂನಿಯರ್‌ಗಳಿಗೆ ಸಿಟಿಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ಹೇಳಿದೆ, ಆದ್ರೆ ಅದು ಶಿಫಾರಸು ಅಷ್ಟೇ, ಎಷ್ಟೋ ಆಫೀಸಲ್ಲಿ ಪೆಟ್ರೋಲಿಗೆ ಆಗೋಷ್ಟೂ ಕೊಡಲ್ಲ, ಇದು ಅನ್ಯಾಯನೇ. ಮನೇಲಿ ಈಗ್ಲೇ ಮಾತಾಡಿ ಇಟ್ಕೊಳ್ಳಿ. ಸೀನಿಯರ್‌ನ ಆರಿಸ್ಕೊಳ್ಳೋವಾಗ ಹೆಸ್ರು ನೋಡ್ಬೇಡಿ, ಪ್ಲೇಂಟ್ (ದಾವೆ ಅರ್ಜಿ) ನಿಮ್ಮ ಕೈಲಿ ಬರೆಸಿ ಕೂತ್ಕೊಂಡು ತಿದ್ದೋರು ಸಿಕ್ಕಿದ್ರೆ ಅವ್ರ ಹತ್ರನೇ ಇರಿ.

ಕಾಲೇಜಲ್ಲಿ ಇರೋವಾಗ್ಲೇ ಬಿಡುವಿದ್ದಾಗ ಸಿವಿಲ್ ಕೋರ್ಟ್ ಹಾಲಲ್ಲಿ ಹೋಗಿ ಕೂತು ಪಾಟೀಸವಾಲು (ಎದುರು ಪಕ್ಷದ ಲಾಯರ್ ಸಾಕ್ಷಿಗೆ ಹಾಕೋ ಪ್ರಶ್ನೆಗಳು) ಕೇಳಿ, ಕೈಬರಹದ ಹಳೇ ಕ್ರಯಪತ್ರ ಓದೋದು, ಕನ್ನಡ ಟೈಪಿಂಗ್ ಎರಡನ್ನೂ ಕಲೀರಿ, ತಾಲ್ಲೂಕು ಕೋರ್ಟಲ್ಲಿ ಸಾಕ್ಷಿ ಹೇಳಿಕೆಯೆಲ್ಲ ಕನ್ನಡದಲ್ಲೇ ನಡಿಯೋದು.